ಅತ್ತರು ಸುರಿದುಕೊಂಡು ಬಂದ ಮಾವ

"ಮುಟ್ಟಬ್ಯಾಡ ಮಾವಾ! ಮರಿ ಮುಟ್ಟಬ್ಯಾಡ!"

ಸುಗಲಾಬಾಯಿ ಕೂಗುವಷ್ಟರಲ್ಲಿ ಅಮೋಗಸಿದ್ಧ ಆಗಷ್ಟೇ ಹುಟ್ಟಿದ ಕುರಿಮರಿಯನ್ನು ಎದೆಗೆ ಅವುಚಿಕೊಂಡಾಗಿತ್ತು.

ಅವನ ಮೈಗೆ ಅತ್ತರು. ಎಂಥ ಅತ್ತರು! ಅವನು ಮಂದ್ರೂಪದಲ್ಲಿ ನಿಂತರೆ ದೂರದ ಅಕ್ಕಲಕೋಟದ ಊರವರು ಸೀನಬೇಕು!

ತಾಯಿಕುರಿ ಮರಿಯನ್ನು ಮೂಸಿತು. ತನ್ನ ವಾಸನೆ ಸಿಗಲಿಲ್ಲ... ಗುದ್ದಿ ದೂರ ತಳ್ಳಿತು.

ಕುರಿ ತನ್ನ ಮರಿಯನ್ನು ಗುರುತಿಸುವುದೇ ಮೂಗಿನಿಂದ. ಕುರಿಗಾರರ ಮನೆಯ ಕೂಸಿಗೂ ಇದು ಗೊತ್ತು. ಸ್ವಂತ ಸೋದರಮಾವನ ಮಗನಿಗೆ ಗೊತ್ತಿಲ್ಲವೇ? ಸೊಲ್ಲಾಪುರದ ಬಟ್ಟೆ ಗಿರಣಿ ಸೇರಿದ ಮೇಲೆ ಉಣ್ಣೆಯ ವಾಸನೆಗೆ ನಾಚಿಕೆಯಾಯಿತೇ?

'ನಾಳೆ ನನ್ನ ವಾಸನಿಗೂ ಮೂಗು ಮುಚ್ಚಿಕೊಳ್ತಾನ!' ಅವಳ ಕಣ್ಣು ತುಂಬಿತು.

ಅಕ್ಕಲಕೋಟದಲ್ಲಿ ರಾಜರ ಆಳ್ವಿಕೆ ಹೋಗಿ ಕಲೆಕ್ಟರ ಆಡಳಿತ ಬಂದಿದ್ದ ಕಾಲ. ಹುಡುಗಿಯ ಒಪ್ಪಿಗೆ ಕೇಳುವ ಅಪ್ಪಂದಿರು ಮಾತ್ರ ಇನ್ನೂ ಅಪರೂಪ. ಅವಳಪ್ಪ ಮಲ್ಲಯ್ಯ ಕೇಳಿದ್ದ. ಸಂಜೆಯೊಳಗೆ ಅಮೋಗಸಿದ್ಧನ ಜೊತೆಗಿನ ಈ ಸಂಬಂಧಕ್ಕೆ ಹೂಂ ಅನ್ನಬೇಕು, ಇಲ್ಲವೇ ಊಹೂಂ.

ಊಹೂಂ ಎಂದೇ ಅವಳು ತೀರ್ಮಾನಿಸಿಬಿಟ್ಟಳು.

ಅಷ್ಟರಲ್ಲಿ ಮಲ್ಲಯ್ಯ ಬಂದ. "ತಾಯಿ ಇನ್ನ ಈ ಮರೀನ ಹತ್ರ ಬಿಟ್ಟುಕೊಳ್ಳಂಗಿಲ್ಲ. ಗೌಡರ ಹೊಲದಾಗ ನಮ್ಮ ಮಂದಿ ಗೊಬ್ಬರಕ್ಕಂತ ಕುರಿ ತರುಬಿ ನಿಲ್ಲಿಸ್ಯಾರ. ಮರಿ ಕಳಕೊಂಡ ಕುರಿ ಒಂದು ಅಲ್ಲೈತಿ. ಇಬ್ರೂ ಹೋಗಿ ಈ ಮರಿ ಅದಕ್ಕ ಹಚ್ಚಿ ಬರ್ರಿ."

ದಾರಿಯಲ್ಲಿ ಅಮೋಗಸಿದ್ಧ ಮೆಲ್ಲಗೆ ಕೇಳಿದ, "ಸುಗಲಾ, ಈಗ ಏನು ವಾಸನಿ ಬರಾಕತ್ತೈತಿ?"

"ನಿನ್ನ ಅತ್ತರು!"

"ಅದು ಬಿಟ್ಟು..."

ಅವಳು ಒಲ್ಲದ ಮನಸ್ಸಿನಿಂದ ಉಸಿರೆಳೆದಳು. "ಕಡ್ಲಿ ಹೊಲ. ಇಬ್ಬನಿ ಬಿದ್ದು ಹುಳಿ ಹುಳಿ ವಾಸನಿ."

"ಈಗ?"

"ಯಾರೋ ಸೀತನಿ ಸುಡಾಕತ್ತಾರ. ಎಳೀ ಜೋಳ..." ಅವಳ ನಡಿಗೆ ತಾನಾಗಿ ನಿಧಾನವಾಯಿತು. "ಬಾವಿ ಹತ್ರ ಹಸಿ ಎರಿಮಣ್ಣು. ಅಯ್ಯ, ದಿನಾ ಇಲ್ಲೇ ಓಡಾಡ್ತೀನಿ, ಇದೆಲ್ಲಾ ನನಗ ತಿಳಿದೇ ಇರಲಿಲ್ಲ!"

ಹೊಲ ಮುಟ್ಟಿದ ಮೇಲೆ ಅವಳು ಆ ಕುರಿಯ ಹಾಲು ಹಿಂಡಿ ಮರಿಯ ಮೈತುಂಬ ಸವರಿದಳು. ಕುರಿ ಮೂಸಿತು, ಮತ್ತೆ ಮೂಸಿತು, ಆಮೇಲೆ ನೆಕ್ಕತೊಡಗಿತು. ಮರಿ ಕೆಚ್ಚಲಿಗೆ ಬಾಯಿ ಹಾಕಿತು.

ಅಷ್ಟರಲ್ಲಿ ಸುಟ್ಟ ಉಣ್ಣೆಯ ಕಮಟು!

"ಮಾವಾ, ಕಂಬಳಿ!"

ಕುರಿಗಾರರು ಹೊಲದಲ್ಲಿ ಹೂಡಿದ್ದ ಒಲೆಯ ಪಕ್ಕ ಕೂತು ಅವನು ಚಳಿಗೆ ಹೊದ್ದಿದ್ದ ಕಂಬಳಿಯ ಅಂಚು ಹೊಗೆಯಾಡುತ್ತಿತ್ತು. ಅವನು ಮಾತ್ರ ಮರಿಯನ್ನು ನೋಡಿ ನಗುತ್ತಿದ್ದ! ಅವಳು ಕಂಬಳಿ ಕಿತ್ತೆಳೆದು ತುಳಿದು ಆರಿಸಿದಳು.

"ಇಷ್ಟು ವಾಸನಿ ಹತ್ತಲಿಲ್ಲೇನು ನಿನಗ?"

ಅವನು ತಲೆ ತಗ್ಗಿಸಿದ. "ಗಿರಣಿ ಸೇರಿದ ವರ್ಷ ಜ್ವರ ಬಂತು, ಸುಗಲಾ. ಅವತ್ತಿನಿಂದ ಯಾವ ವಾಸನೀನೂ ಹತ್ತಂಗಿಲ್ಲ. ದೋಸ್ತ ಅತ್ತರು ಕೊಟ್ಟ... ಹಚ್ಚಿಕೊಂಡಿದ್ದು ಎಷ್ಟಾತೋ ತಿಳೀಲಿಲ್ಲ, ಪೂರಾ ಬಾಟ್ಲಿ ಸುರುವಿಕೊಂಡೆ. ನಿನ್ನ ನೋಡಿ ಗಾಬರಿಯಾಗಿ, ಕುರಿ ಮೂಸಿ ಗುರ್ತು ಹಿಡಿಯೋದನ್ನೂ ಮರ್ತು ಮರಿ ಎತ್ತಿಕೊಂಡೆ..."

"ಮತ್ತ ದಾರಿಯಾಗ ಕೇಳಿದ್ದು?"

"ನೀ ಹೇಳಿದ್ರ ಎಲ್ಲಾ ನೆನಪಿಗೆ ಬರ್ತೈತಿ."

ಸುಗಲಾಬಾಯಿಯ ಸಿಟ್ಟು ಕರಗಿ ಎಲ್ಲಿ ಹೋಯಿತೋ! ಅವನ ಮೇಲೆ ಅಂತಃಕರಣ ಉಕ್ಕಿ ಬಂತು.

"ನಿಮ್ಮಪ್ಪಗ ಏನು ಹೇಳ್ತಿ?" ಅವನು ಕಂಬಳಿಯ ಸುಟ್ಟ ಅಂಚು ಸವರುತ್ತ ಕೇಳಿದ. "ಮೂಗು ಸತ್ತಾಂವ ಬ್ಯಾಡ ಅಂತೀಯೇನು?"

ಅವಳು ಅವನ ಕೈ ಹಿಡಿದು ಎಬ್ಬಿಸಿದಳು.

"ಒಂದು ಮನಿಗೆ ಒಂದು ಮೂಗು ಸಾಕಾಗಂಗಿಲ್ಲೇನು, ಮಾವಾ?"