ಒಂಬತ್ತನೇ ಬೆಡ್ಡಿನ ಚಾರ್ಟು

ಫೆಬ್ರವರಿ 11, ಮಂಗಳವಾರ, ಬೆಳಗ್ಗೆ 10.40. ವಿಶಾಖಪಟ್ಟಣ ಬಂದರಿಗೆ ಹತ್ತಿರದ ಠಾಣೆಗೆ ಫಣೀಂದ್ರ ಎಂಬುವನು ದೂರು ತಂದ. ಖಾಸಗಿ ಆಸ್ಪತ್ರೆಯಲ್ಲಿದ್ದ ಅವನ ತಾಯಿ ಇಂದಿರಮ್ಮ ಅಂದು ನಸುಕಿನಲ್ಲಿ ತೀರಿಕೊಂಡಿದ್ದರು. ಹಿಂದಿನ ಮಧ್ಯಾಹ್ನ ಅವರಿಗೆ ಇನ್ಸುಲಿನ್ ಎರಡು ಸಲ ಬಿದ್ದಿತ್ತು. ಚಾರ್ಟಿನಲ್ಲಿ 1.10ಕ್ಕೆ ಒಮ್ಮೆ, 1.40ಕ್ಕೆ ಇನ್ನೊಮ್ಮೆ ಎಂದಿತ್ತು. ಎರಡರ ಮುಂದೆಯೂ ಒಂದೇ ಸಹಿ: ಮೇಧಾ, ತರಬೇತಿಗೆ ಬಂದ ನರ್ಸಿಂಗ್ ವಿದ್ಯಾರ್ಥಿನಿ.

ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಆರೋಪಿ ಒಬ್ಬಳೇ. ಕಾಲೇಜಿನವರು ಮಧ್ಯಾಹ್ನದೊಳಗೆ ಅವಳನ್ನು ಅಮಾನತು ಮಾಡಿ ಕೈತೊಳೆದುಕೊಂಡರು. ಆಸ್ಪತ್ರೆಯವರ ಮುಖದಲ್ಲಂತೂ ನೆಮ್ಮದಿ ಎದ್ದು ಕಾಣುತ್ತಿತ್ತು. ಇನ್‌ಸ್ಪೆಕ್ಟರ್ ರಾಮಮೋಹನ್‌ಗೆ ಹಿಡಿಸದೆ ಹೋದದ್ದು ಆ ನೆಮ್ಮದಿಯೇ. ಸತ್ತವರ ಮನೆಯ ಅಳು ಇನ್ನೂ ನಿಂತಿರಲಿಲ್ಲ, ಇವರಿಗೆ ಆಗಲೇ ಕೇಸು ಮುಗಿದಿತ್ತು.

ಹೆಡ್ ಕಾನ್‌ಸ್ಟೇಬಲ್ ಗಂಗಾಭವಾನಿ ಹುಡುಗಿಯನ್ನು ಕರೆತಂದರು. ಗದಗಿನವಳು, ಇಪ್ಪತ್ತು ವರ್ಷ. ತೆಲುಗು ಅಷ್ಟಕ್ಕಷ್ಟೇ. ರಾಮಮೋಹನ್ ಅವರ ತಾಯಿಯ ತವರು ಬಳ್ಳಾರಿ. ಮನೆಯ ಕನ್ನಡ ಅಂದು ಠಾಣೆಯಲ್ಲಿ ಕೆಲಸಕ್ಕೆ ಬಂತು.

“ಎಷ್ಟು ಸಲ ಕೊಟ್ಟೆಯಮ್ಮ?”

“ಒಂದ ಸಲ ರೀ ಸರ. ಒಂದು ಹತ್ತಕ್ಕ. ಲಕ್ಷ್ಮೀಕಾಂತಮ್ಮ ಸಿಸ್ಟರ್ ಬಾಜೂಕ ನಿಂತು ಕೊಡಿಸಿದ್ರು.”

“ಸಹಿ ಎರಡು ಐತಲ್ಲ?”

“ನಾ ಸಹೀನ ಮಾಡಿಲ್ರೀ. ಸ್ಟೂಡೆಂಟ್ಸ್ ಚಾರ್ಟಿಗೆ ಪೆನ್ ಹಚ್ಚಂಗಿಲ್ಲ. ನಾವು ಮಾಡಿದ್ದಕ್ಕೆಲ್ಲಾ ಪಾಳಿ ಮುಗಿಯೂ ಮುಂದ ಸಿಸ್ಟರ್ ಒಮ್ಮೆಲೇ ಸಹಿ ಹಾಕ್ತಾರ್ರೀ.” ಅವಳು ಇಬ್ಬರ ಮುಖವನ್ನೂ ನೋಡಿದಳು. “ನನ್ನ ಓದು ಮುಗೀತೇನ್ರಿ ಸರ? ಜೇಲಿಗೆ ಹಾಕ್ತೀರೇನು?”

ರಾಮಮೋಹನ್ ಅವಳ ಹೇಳಿಕೆ ಬರೆದುಕೊಂಡು ಆಸ್ಪತ್ರೆಗೆ ಹೊರಟರು.

ಮಧ್ಯಾಹ್ನ 3.15ಕ್ಕೆ ವಾರ್ಡಿನ ದಾಖಲೆಗಳನ್ನು ಪಂಚನಾಮೆ ಮಾಡಿ ವಶಕ್ಕೆ ಪಡೆದರು. ಗಂಗಾಭವಾನಿ ಒಂದು ತಿಂಗಳ ಚಾರ್ಟುಗಳನ್ನು ಹಾಳೆ ಹಾಳೆಯಾಗಿ ತಿರುವಿದರು. ಆ ತಿಂಗಳು ವಾರ್ಡಿನಲ್ಲಿ ಏಳು ವಿದ್ಯಾರ್ಥಿಗಳಿದ್ದರು. ಒಬ್ಬರ ಸಹಿಯೂ ಎಲ್ಲೂ ಇರಲಿಲ್ಲ, ಒಂಬತ್ತನೇ ಬೆಡ್ಡಿನ ಆ ಒಂದು ಹಾಳೆ ಬಿಟ್ಟರೆ.

“ಇಷ್ಟು ದಿನ ಇಲ್ಲದ ಸಹಿ ಆವತ್ತೇ ಯಾಕೆ ಬಂತಂಡೀ?” ಎಂದರು ಗಂಗಾಭವಾನಿ.

ವಾರ್ಡಿನ ಇನ್‌ಚಾರ್ಜ್ ಲಕ್ಷ್ಮೀಕಾಂತಮ್ಮನವರದು ಇಪ್ಪತ್ತಾರು ವರ್ಷದ ಸೇವೆ. ತೆಲುಗಿನಲ್ಲಿ ಅಳೆದು ತೂಗಿ ಮಾತಾಡಿದರು.

“ಎರಡು ಗಂಟೆಗೆ ಪಾಳಿ ಯಾರಿಗೆ ಒಪ್ಪಿಸಿದಿರಿ?” ಎಂದು ರಾಮಮೋಹನ್ ಕೇಳಿದರು.

“ನರ್ಸ್ ಪ್ರತ್ಯೂಷಾಗೆ.”

“ಎಲ್ಲಿದ್ದಾಳೆ?”

“ರಜೆ. ವಿಜಯವಾಡದ ಮನೆಗೆ ಹೋದಳು.”

“ರಜೆ ಯಾವಾಗ ಬರೆದುಕೊಟ್ಟಳು?”

ಲಕ್ಷ್ಮೀಕಾಂತಮ್ಮ ಮೇಜಿನ ಮೇಲಿದ್ದ ಪೆನ್ನನ್ನು ಸರಿಸಿಟ್ಟರು. “ಇವತ್ತು ಬೆಳಗ್ಗೆ.”

13ರ ಗುರುವಾರ ರಾಮಮೋಹನ್ ಮತ್ತು ಗಂಗಾಭವಾನಿ ವಿಜಯವಾಡದಲ್ಲಿದ್ದರು. ಬಾಗಿಲು ತೆರೆದ ಪ್ರತ್ಯೂಷಾ ಸಮವಸ್ತ್ರ ಕಂಡವಳೇ ಅಳತೊಡಗಿದಳು. ಪ್ರಶ್ನೆ ಕೇಳುವ ಶ್ರಮವನ್ನೂ ಕೊಡದೆ ಎಲ್ಲವನ್ನೂ ಹೇಳಿದಳು. ಸೋಮವಾರ ಆಸ್ಪತ್ರೆಗೆ ತಪಾಸಣೆಯವರು ಬಂದಿದ್ದರು. ಇನ್‌ಚಾರ್ಜ್ ಆ ತಪಾಸಣೆಯವರ ಹಿಂದೆ ಓಡಾಡುತ್ತಿದ್ದುದರಿಂದ ಬೆಡ್ ಬೆಡ್ಡಿಗೂ ಹೋಗಿ ಪಾಳಿ ಒಪ್ಪಿಸಲಿಲ್ಲ. ಫೋನಿನಲ್ಲೇ “ಎಲ್ಲ ಚಾರ್ಟಲ್ಲಿದೆ, ನೋಡಿಕೋ” ಎಂದಿದ್ದರು. ಚಾರ್ಟು ಖಾಲಿಯಿತ್ತು. ಮೇಧಾ ಕೊಟ್ಟ ಇಂಜೆಕ್ಷನ್ನಿಗೆ ಆ ದಿನ ಯಾರೂ ಸಹಿ ಹಾಕಿರಲಿಲ್ಲ. ಕೊಟ್ಟಿಲ್ಲವೆಂದುಕೊಂಡು ಪ್ರತ್ಯೂಷಾ 2.20ಕ್ಕೆ ಮತ್ತೆ ಕೊಟ್ಟಳು, ತಾನೇ ಸಹಿ ಮಾಡಿದಳು. ಎಂದಿನಂತೆ ಹಾಳೆಯ ಫೋಟೋ ತೆಗೆದು ಡ್ಯೂಟಿ ಡಾಕ್ಟರಿಗೂ ಕಳಿಸಿದ್ದಳು.

ಫೋಟೋ ಇನ್ನೂ ಫೋನಿನಲ್ಲಿತ್ತು. ಆ ಹಾಳೆಯಲ್ಲಿ ಮೇಧಾಳ ಹೆಸರೇ ಇರಲಿಲ್ಲ. 2.20ರ ಮುಂದೆ ಪ್ರತ್ಯೂಷಾಳ ಸಹಿ ಒಂದೇ; ವಾರ್ಡಿನಲ್ಲಿ ಸಿಕ್ಕಿದ್ದು ಆಮೇಲೆ ಬರೆದಿಟ್ಟ ಬೇರೆ ಹಾಳೆ.

“ನೀನು ಊರಿಗೆ ಹೋಗು, ಹಾಳೆ ನಾನು ನೋಡಿಕೊಳ್ತೀನಿ ಅಂದರು ಅಮ್ಮ” ಎಂದಳು. ಇನ್‌ಚಾರ್ಜ್ ಅವರನ್ನು ವಾರ್ಡಿನವರೆಲ್ಲ ಅಮ್ಮ ಎಂದೇ ಕರೆಯುತ್ತಿದ್ದರು.

14ರ ಶುಕ್ರವಾರ ಬೆಳಗ್ಗೆ 11.20. ಸಾಕ್ಷ್ಯನಾಶ ಮತ್ತು ಸುಳ್ಳು ದಾಖಲೆ ಸೃಷ್ಟಿಯ ಆರೋಪದ ಮೇಲೆ ಲಕ್ಷ್ಮೀಕಾಂತಮ್ಮನವರನ್ನು ಗಂಗಾಭವಾನಿ ಬಂಧಿಸಿದರು. ಪ್ರತ್ಯೂಷಾಗೆ ನೋಟಿಸು ಹೋಯಿತು. ಮೇಧಾಳ ಹೆಸರನ್ನು ಕೈಬಿಡುವಂತೆ ರಾಮಮೋಹನ್ ನ್ಯಾಯಾಲಯಕ್ಕೆ ವರದಿ ಬರೆದರು.

ಫೋಟೋ ತೋರಿಸಿದಾಗ ಲಕ್ಷ್ಮೀಕಾಂತಮ್ಮ ವಾದಿಸಲಿಲ್ಲ. “ಪ್ರತ್ಯೂಷಾ ರಾತ್ರಿ ಪಾಳಿ ಮುಗಿಸಿ ಹೋಗಿದ್ದಳು ಸರ್. ಜನ ಇಲ್ಲ ಅಂತ ಮಧ್ಯಾಹ್ನ ಮತ್ತೆ ಕರೆಸಿದ್ದು ನಾನು. ಸಹಿ ಹಾಕೋದು ಬಿಟ್ಟು ಓಡಿದ್ದೂ ನಾನು. ಅವಳನ್ನು ಹೇಗೆ ಬಿಟ್ಟುಕೊಡಲಿ?”

“ಮೇಧಾಳನ್ನು ಬಿಟ್ಟುಕೊಟ್ಟಿರಲ್ಲ?”

“ಅವಳು ಬರೋ ತಿಂಗಳು ಹೋಗೋಳು. ನಮ್ಮ ವಾರ್ಡಿನವಳಲ್ಲವಲ್ಲ.”

ರಾಮಮೋಹನ್‌ಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಸಂಕಟವಾಯಿತು. ಆಕೆ ಕೆಟ್ಟವಳಾಗಿದ್ದರೆ ವರದಿ ಬರೆಯುವುದು ಸುಲಭವಾಗುತ್ತಿತ್ತು.

“ಆ ಹುಡುಗಿಯ ಊರು ಯಾವುದು ಗೊತ್ತಾ?”

“ಇಲ್ಲ ಸರ್,” ಎಂದರು ಲಕ್ಷ್ಮೀಕಾಂತಮ್ಮ. “ಕೇಳಿರಲಿಲ್ಲ.”

ರಾಮಮೋಹನ್ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡು, ಆಕೆಗೆ ಓದಿ ಹೇಳಿದರು.