ಬಿಲ್ಲಿನಲ್ಲಿ ಇನ್ನೂರು ಕಡಿಮೆ

ಅನುಮಾನ ಪಡುವುದಕ್ಕೇ ನನಗೆ ಸಂಬಳ. ರಜೆಗೆ ಬಾಡಿಗೆ ಮನೆ ತೋರಿಸುವ ವೆಬ್‌ಸೈಟ್ ನಮ್ಮದು. ನಾನು ಗಿರಾಕಿಯಂತೆ ಹೋಗಿ ಉಳಿದು, ಅಲ್ಲಿ ತೋರಿಸಿದ ಬೆಲೆಗೂ ಕೊನೆಯ ಬಿಲ್ಲಿಗೂ ತಾಳೆ ನೋಡಬೇಕು. ತಾಳೆಯಾಗದಿದ್ದರೆ ಆ ಮನೆ ಪಟ್ಟಿಯಿಂದ ಹೊರಗೆ.

ಸಮುದ್ರದ ಬದಿಯ ಈ ಮನೆಯ ಮೇಲೆ ದೂರು ಬಂದಿತ್ತು: ಒಬ್ಬೊಬ್ಬರಿಗೆ ಒಂದೊಂದು ರೇಟು. ಮಾಲೀಕ ಬಡಗಿ. ಬಾಗಿಲು ತೆರೆದವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಒಬ್ರೇನಾ? ಏನ್ ಕೆಲಸ ನಿಮ್ದು?"

"ಟೀಚರ್." ಸುಳ್ಳು ಸಲೀಸಾಗಿ ಬಂತು.

"ಪರೀಕ್ಷೆ ಟೈಮಲ್ಲಿ ಟೀಚರ್‌ಗೆ ರಜಾನಾ?"

ನಕ್ಕನೋ ಇಲ್ಲವೋ ಗೊತ್ತಾಗಲಿಲ್ಲ. ಕಿವಿಯ ಹಿಂದೆ ಪೆನ್ಸಿಲ್, ರೆಪ್ಪೆಯ ಮೇಲೆ ಮರದ ಹೊಟ್ಟು. ಅದನ್ನು ಒರೆಸಬೇಕೆನಿಸಿತು. ಅದಕ್ಕೇ ಅವನ ಮೇಲೆ ಇನ್ನಷ್ಟು ಅನುಮಾನ ಬಂತು.

ಮೂರನೇ ಮೆಟ್ಟಿಲು ಅಲುಗಾಡುತ್ತದೆ ಎಂದು ಕೂಡ ಮನೆಯ ವಿವರದಲ್ಲಿ ಬರೆದಿದ್ದ. ಅತಿ ವಿನಯಂ ಧೂರ್ತ ಲಕ್ಷಣಂ ಅಂದುಕೊಂಡೆ. ಬೆಳಿಗ್ಗೆ ಚಹಾ ತಂದ.

"ಇದಕ್ಕೆಷ್ಟು?"

"ನಾನು ಕುಡಿಯೋವಾಗ ಇನ್ನೊಂದು ಲೋಟ. ಅಷ್ಟೇ."

ಕರೆಂಟಿಗೆ ಬೇರೆ ದುಡ್ಡು ಕೇಳಲು ಎಲ್ಲೋ ಮೀಟರ್ ಅಡಗಿಸಿಟ್ಟಿರಬೇಕೆಂದು ಮಂಚ ಸರಿಸಿದೆ, ಬೀರು ಸರಿಸಿದೆ. ಗುರುತು ಉಳಿಯದಿರಲೆಂದು ಇಡೀ ಮನೆ ಗುಡಿಸಿದೆ. ಅವನು ಕಿಟಕಿಯಾಚೆ ಹಲಗೆ ಉಜ್ಜುತ್ತಾ ಓರೆಗಣ್ಣಿನಲ್ಲಿ ನೋಡುತ್ತಿದ್ದ. ನಾನೂ ನೋಡುತ್ತಿದ್ದೆ. ಇಬ್ಬರೂ ಒಟ್ಟಿಗೇ ಸಿಕ್ಕಿಬಿದ್ದೆವು.

ಹೊರಡುವ ದಿನ ಬಿಲ್ಲಿನಲ್ಲಿ ಇನ್ನೂರು ಕಡಿಮೆಯಿತ್ತು.

"ಇದ್ಯಾಕೆ?"

"ಕ್ಲೀನಿಂಗ್ ಚಾರ್ಜ್ ತೆಗ್ದೆ. ಗುಡಿಸಿದ್ದು ನೀವಲ್ವಾ? ಗುಡಿಸಿದೋರಿಗೆಲ್ಲ ಹಾಗೇ ಮಾಡೋದು."

ದೂರಿನ ಗಂಟು ಬಿಚ್ಚಿತು. ಗುರುತಿನ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟೆ.

"ಕಡಿಮೆ ಆದ್ರೂ ತಪ್ಪೇ. ತೋರಿಸೋದೊಂದು, ತಗೊಳ್ಳೋದೊಂದು ಆಗ್ಬಾರ್ದು."

ಅವನು ಕಾರ್ಡನ್ನು ಬಹಳ ಹೊತ್ತು ಓದಿದ. "ಪಟ್ಟಿಯಿಂದ ತೆಗೆದ್ರೆ ನಾನು ಈ ಮನೆ ಮುಚ್ಚಬೇಕು. ಅದಿರ್ಲಿ. ನೀವು ಟೀಚರ್ ಅಂತ ತೋರಿಸ್ಕೊಂಡ್ರಲ್ಲ, ಅದನ್ನ ಯಾರು ತಪಾಸಣೆ ಮಾಡ್ತಾರೆ?"

ಇನ್ನೂರು ಮೇಜಿನ ಮೇಲಿಟ್ಟು ಹೊರಟೆ. ಬಸ್ಸಿನಲ್ಲಿ ಕಣ್ಣೀರು ತಡೆಯಲಾಗಲಿಲ್ಲ.

ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದು, ತಿದ್ದಿಕೊಳ್ಳಲು ಅವನಿಗೆ ಒಂದು ವಾರ ಕೇಳಿದೆ. ಕೊನೆಗೆ ಒಂದು ಸಾಲು ಸೇರಿಸಿದೆ: "ಮರುತಪಾಸಣೆಗೆ ಬೇರೆಯವರನ್ನು ಕಳಿಸಿ. ಈ ಮನೆಯ ಮೇಲೆ ನನಗೆ ಅನುಮಾನ ಬರುತ್ತಿಲ್ಲ."

ವಾರದ ನಂತರ ಮನೆ ಪಾಸಾಯಿತು. ವಿವರದಲ್ಲಿ ಹೊಸ ಸಾಲಿತ್ತು: "ಗುಡಿಸಿದವರಿಗೆ ರಿಯಾಯಿತಿ ಇಲ್ಲ. ಚಹಾ ಇದೆ."

ತಕ್ಷಣ ಬುಕ್ ಮಾಡಿದೆ. ಈ ಸಲ ಫಾರ್ಮಿನಲ್ಲಿ ಸುಳ್ಳು ಬರೆಯಲಿಲ್ಲ. ಉದ್ಯೋಗ: ಬೆಲೆ ತಪಾಸಣೆ. ಬರುವ ಕಾರಣ: ಮನೆಯ ಮಾಲೀಕ.

ಐದು ನಿಮಿಷಕ್ಕೆ ಫೋನು ಬಂತು.

"ಎಷ್ಟು ದಿನಕ್ಕೆ?" ಅವನದೇ ದನಿ.

"ನೀವೇ ಹೇಳಿ."

"ಹೇಳಿದ್ರೆ ನಂಬ್ತೀರಾ?"

"ನಂಬ್ತೀನಿ" ಎಂದೆ, ಏನೂ ವಿಚಾರಿಸದೆ.