ಕಿಂಡಿಗೆ ಕಟ್ಟಿದ ದಾರ

ಮೂಡಲಗಿಯಲ್ಲಿ ನನ್ನದೊಂದು ಗ್ಯಾರೇಜ್ ಇದೆ. ಹೋದ ಬೇಸಿಗೆಯ ಒಂದು ಮಧ್ಯಾಹ್ನ ನಾಗನೂರಿನ ಗುರುಪಾದ ಕಾರು ತಂದರು. ಹಿಂದಿನ ದಿನವಷ್ಟೇ ತಂದೆಗೆ ಹೊಲದಲ್ಲಿ ಮಣ್ಣು ಕೊಟ್ಟಿದ್ದರು.

"ಏಸಿ ಗಾಳಿ ಭಾಳ ಸಣ್ಣಗ ಬರಾಕತ್ತೈತ್ರಿ. ಅಪ್ಪ ಕೂಡ್ರತಿದ್ದ ಎಡಗಡಿ ಕಿಂಡಿಯಾಗಂತೂ ಇಲ್ಲೇ ಇಲ್ಲ."

ಫಿಲ್ಟರ್ ಎಳೆದೆ. ಧೂಳು, ಕಬ್ಬಿನ ಒಣ ಎಲೆಯ ರವದಿ ಇರಬಹುದು ಎಂದುಕೊಂಡಿದ್ದೆ. ಹಸಿ ಮಣ್ಣು, ವಿಭೂತಿ, ಬಾಡದ ಬಿಲ್ವಪತ್ರಿ ಮೆತ್ತಿಕೊಂಡಿದ್ದವು. ನಮ್ಮಲ್ಲಿ ಮಣ್ಣು ಕೊಡುವಾಗ ಕುಣಿಯಲ್ಲಿ ಹೆಣ ಕೂರಿಸಿ ಸುತ್ತ ತುಂಬುತ್ತೇವಲ್ಲ, ಅವೇ.

ಹೊಸ ಫಿಲ್ಟರ್ ಹಾಕಿ, ಗಾಳಿ ಅಳೆಯಲು ಯಾವಾಗಲೂ ಮಾಡುವಂತೆ ಆ ಕಿಂಡಿಗೆ ಒಂದೆಳೆ ದಾರ ಕಟ್ಟಿದೆ. ಕೀಲಿ ಇನ್ನೂ ನನ್ನ ಜೇಬಿನಲ್ಲಿಯೇ ಇತ್ತು. ದಾರ ನಿಧಾನವಾಗಿ ಒಳಗೆ ಹೋಯಿತು, ಹೊರಗೆ ಬಂತು. ಮತ್ತೆ ಒಳಗೆ ಹೋಯಿತು. ಮುಖ ಹತ್ತಿರ ಒಯ್ದು ನೋಡಿದೆ. ಬರುತ್ತಿದ್ದ ಗಾಳಿ ಬೆಚ್ಚಗಿತ್ತು.

ಗುರುಪಾದ ಬಾಜೂ ನಿಂತು ನೋಡುತ್ತಿದ್ದರು.

"ಕುಣಿಯಾಗ ಕುಂಡ್ರಸೂವಾಗ ಅಪ್ಪನ ಉಸುರು ಪೂರಾ ನಿಂತಿತ್ರಿ," ಎಂದರು. "ಎಲ್ಲಾರೂ ನೋಡ್ಯಾರ."

ನಾನು ಏನೂ ಕೇಳಿರಲಿಲ್ಲ.

ಮಣ್ಣು ಕೊಟ್ಟ ಹೊಲ ದೂರವೇನಿರಲಿಲ್ಲ. ಆದರೂ ಇಬ್ಬರೂ ಅಲ್ಲೇ ನಿಂತಿದ್ದೆವು. ಐದರ ಸುಮಾರಿಗೆ ದಾರ ಅಲುಗುವುದು ನಿಂತಿತು.